ಕಾಲುಬಾಯಿ ಜ್ವರದ ಲಸಿಕೆಯೂ ಅದರ ಅನುಪಾನವೂ

(ಗ್ರಾಮದ ಹಿಡುವಳಿದಾರರ ಮತ್ತು ಮುಖಂಡರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯಗಾರನಿಗೆ ಭೂಮಿಯು ಎಷ್ಟು ಮುಖ್ಯವೋ ದನವೂ ಅಷ್ಟೇ ಮುಖ್ಯವೆಂಬುದನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಮುಂಗಾರಿನ ಹದಮಳೆ ಬಿದ್ದು ನೇಗಿಲು ಹೂಡತಕ್ಕ ದಿನವೇ ಎತ್ತು ಬಾಯಿಂದ ಜೊಲ್ಲು ಸುರಿಸುತ್ತ, ಗೊರಸನ್ನು ನೆಲಕ್ಕೆ ಊರಲಾರದೆ ಕೊಟ್ಟಿಗೆಯಲ್ಲಿ ನಿಂತುಬಿಟ್ಟರೆ, ಆ ವರ್ಷದ ಬೆಳೆಗೆ ಅದೇ ಮೊದಲ ನಷ್ಟವು. ಕರೆಯುವ ಹಸುವಿಗೆ ಕಾಲುಬಾಯಿ ಜ್ವರ ಬಂದರೆ ಹಾಲು ಬತ್ತುತ್ತದೆ. ವಾಸಿಯಾದ ಮೇಲೆಯೂ ಮೊದಲಿನಷ್ಟು ಹಾಲು ಅನೇಕ ವೇಳೆ ಮರಳಿ ಬರುವುದಿಲ್ಲ. ಕೆಲವು ರಾಸುಗಳು ಬಿಸಿಲನ್ನು ತಾಳಲಾರದೆ ವರ್ಷಗಟ್ಟಲೆ ಏದುತ್ತಿರುವುದುಂಟು. ಎಳೆಯ ಕರುಗಳಲ್ಲಾದರೋ ರೋಗವು ಹೃದಯದ ಮಾಂಸಕ್ಕೇ ತಗುಲಿ, ಬಾಯಲ್ಲಿ ಒಂದು ಗುಳ್ಳೆಯೂ ಕಾಣುವ ಮೊದಲೇ ಪ್ರಾಣವನ್ನು ತೆಗೆಯುತ್ತದೆ. ೨೦೧೩ನೆಯ ಇಸವಿಯಲ್ಲಿ ಈ ರೋಗವು ಕರ್ನಾಟಕದ ದಕ್ಷಿಣದ ಜಿಲ್ಲೆಗಳಲ್ಲಿ ಹಬ್ಬಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡುದನ್ನು ತಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ.

ಹೀಗಿದ್ದರೂ ಲಸಿಕೆ ಹಾಕುವವರು ಊರಿಗೆ ಬಂದ ದಿವಸ ದನಗಳನ್ನು ಹೊಲಕ್ಕೆ ಹೊಡೆದುಬಿಡುವ ಮನೆಗಳು ಇನ್ನೂ ಇವೆ. ಇದಕ್ಕೆ ಕಾರಣವೇನೆಂದು ವಿಚಾರಿಸಿದಾಗ ಒಬ್ಬ ಹಿರಿಯ ಹಿಡುವಳಿದಾರರು ನನ್ನೊಡನೆ ಹೀಗೆ ಹೇಳಿದರು: “ಹೋದ ಸಲ ಸೂಜಿ ಹಾಕಿಸಿದ ಮೇಲೆ ನನ್ನ ಹಸುವಿನ ಕುತ್ತಿಗೆಯಲ್ಲಿ ಅಡಿಕೆಯಷ್ಟು ಗಂಟಾಯಿತು, ಎರಡು ದಿನ ಹಾಲೂ ಇಳಿಯಿತು. ಮದ್ದಿನಲ್ಲಿ ಏನೋ ಎಣ್ಣೆಯನ್ನು ಬೆರೆಸುತ್ತಾರಂತೆ. ಗಂಟು ತರುವ ಆ ವಸ್ತುವನ್ನು ತೆಗೆದುಹಾಕಿ ಶುದ್ಧವಾದ ಮದ್ದನ್ನೇ ಕೊಡಬಾರದೇ?”

ಪ್ರಶ್ನೆಯು ಬಹಳ ಯೋಗ್ಯವಾದದ್ದು. ಇಂದಿನ ನನ್ನ ಮಾತುಗಳೆಲ್ಲವೂ ಆ ಪ್ರಶ್ನೆಗೆ ಉತ್ತರವೇ ಆಗಿವೆ. ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಸ್ತುವನ್ನು ತೆಗೆದರೆ ಗಂಟೂ ಆಗಲಾರದು, ಸಾಕಷ್ಟು ರಕ್ಷಣೆಯೂ ಆಗಲಾರದು.

ಅನುಪಾನವೆಂದರೇನು

ನಮ್ಮ ವೈದ್ಯರು ಚೂರ್ಣವನ್ನಾಗಲಿ ಭಸ್ಮವನ್ನಾಗಲಿ ಕೊಡುವಾಗ ಅದನ್ನು ಜೇನುತುಪ್ಪದಲ್ಲಿಯೋ, ತುಪ್ಪದಲ್ಲಿಯೋ, ಬಿಸಿನೀರಿನಲ್ಲಿಯೋ ತೆಗೆದುಕೊಳ್ಳಬೇಕೆಂದು ವಿಧಿಸುತ್ತಾರೆ. ಇದಕ್ಕೆ ಅನುಪಾನವೆಂದು ಹೆಸರು. ರೋಗಕ್ಕೆ ಔಷಧವು ಬೇರೆ, ಅನುಪಾನವು ಬೇರೆ. ಆದರೆ ಅನುಪಾನ ತಪ್ಪಿದರೆ ಔಷಧದ ಗುಣ ಕುಂದುತ್ತದೆಂಬುದು ಹಿರಿಯರ ನಂಬಿಕೆ. ಲಸಿಕೆಗೂ ಇಂಥದೇ ಒಂದು ಜೊತೆಯ ವಸ್ತುವುಂಟು. ಪಾಶ್ಚಾತ್ಯರು ಇದನ್ನು ಅಡ್ಜುವಂಟ್ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ನೆರವಾಗು’ ಎಂಬ ಅರ್ಥವುಳ್ಳ ಧಾತುವಿನಿಂದ ಈ ಶಬ್ದವು ಹುಟ್ಟಿತು. ಈ ಭಾಷಣದಲ್ಲಿ ನಾನು ಅದನ್ನು ಅನುಪಾನವೆಂದೇ ಕರೆಯುವೆನು. ಹೋಲಿಕೆಯು ಪೂರ್ಣವಾದದ್ದಲ್ಲ. ಲಸಿಕೆಯ ಅನುಪಾನವು ಕೆಲಸಮಾಡುವುದು ಹೊಟ್ಟೆಯಲ್ಲಲ್ಲ, ಸೂಜಿ ಚುಚ್ಚಿದ ಮಾಂಸದಲ್ಲಿ. ಆದರೂ ವಿಷಯದ ತಿಳಿವಳಿಕೆಗೆ ಈ ಹೆಸರು ಸಾಕು.

ಸತ್ತ ವೈರಸ್ಸೂ ಜೀವಂತ ವೈರಸ್ಸೂ

ಕಾಲುಬಾಯಿ ಜ್ವರಕ್ಕೆ ಕಾರಣವಾದದ್ದು ವೈರಸ್ ಎಂಬ ಅತಿ ಸೂಕ್ಷ್ಮವಾದ ಕಣ. ಜರ್ಮನಿಯ ಲೋಫ್ಲರ್ ಮತ್ತು ಫ್ರೋಶ್ ಎಂಬ ವಿದ್ವಾಂಸರು ೧೮೯೮ರಲ್ಲಿ, ರೋಗದ ಗುಳ್ಳೆಯ ನೀರನ್ನು ಸಾಮಾನ್ಯ ರೋಗಾಣುಗಳು ಯಾವುವೂ ದಾಟಲಾರದಷ್ಟು ಸೂಕ್ಷ್ಮವಾದ ಸೋಸುಬಟ್ಟಲಿನ ಮೂಲಕ ಸೋಸಿದರೂ ಆ ನೀರು ಕರುಗಳಿಗೆ ರೋಗವನ್ನು ತರುತ್ತದೆಂದು ತೋರಿಸಿಕೊಟ್ಟರು. ಪ್ರಾಣಿಗಳಿಗೆ ರೋಗವನ್ನು ತರತಕ್ಕ ವೈರಸ್ಸುಗಳಲ್ಲಿ ಮೊದಲು ಗೊತ್ತಾದದ್ದು ಇದೇ.

ವೈರಸ್ ರೋಗಗಳಿಗೆ ಲಸಿಕೆಯನ್ನು ಎರಡು ಬಗೆಯಲ್ಲಿ ಮಾಡಬಹುದು. ಮೊದಲನೆಯದು ಜೀವಂತ ಲಸಿಕೆ. ಇದರಲ್ಲಿ ವೈರಸ್ಸಿನ ಕಸುವನ್ನು ಕುಗ್ಗಿಸಿ, ರೋಗ ತರಲಾರದಂತೆ ಪಳಗಿಸಿ ಹಾಕುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಊರೂರನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವನ್ನು ತಾವು ಕೇಳಿರಬಹುದು. ಮೈಸೂರು ಸಂಸ್ಥಾನವು ೧೯೨೦ರ ದಶಕದಲ್ಲಿ ಬೆಂಗಳೂರಿನಲ್ಲಿ ಸೀರಂ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದ್ದು ಮುಖ್ಯವಾಗಿ ಆ ರೋಗವನ್ನು ಎದುರಿಸುವುದಕ್ಕಾಗಿಯೇ. ಜೀವಂತ ಲಸಿಕೆಯ ಬಲದಿಂದಲೇ ಆ ರೋಗವು ಭೂಮಂಡಲದಿಂದ ನಿರ್ಮೂಲವಾಯಿತೆಂದು ೨೦೧೧ರಲ್ಲಿ ಘೋಷಿಸಲ್ಪಟ್ಟಿತು. ಜೀವಂತ ಲಸಿಕೆಗೆ ಅನುಪಾನ ಬೇಡ. ಅದು ದೇಹದೊಳಗೆ ತಾನೇ ಸ್ವಲ್ಪ ಕಾಲ ವೃದ್ಧಿಯಾಗಿ, ತಾನೇ ಗದ್ದಲವೆಬ್ಬಿಸಿ, ದೇಹದ ಕಾವಲುಗಾರರನ್ನು ಎಚ್ಚರಿಸಿಬಿಡುತ್ತದೆ.

ಕಾಲುಬಾಯಿ ಜ್ವರದ ವೈರಸ್ಸಾದರೋ ಹಾಗೆ ನಂಬಿಕೆಗೆ ಅರ್ಹವಾಗಿ ಪಳಗಲಿಲ್ಲ. ಒಂದು ಜಾತಿಯ ಪ್ರಾಣಿಯಲ್ಲಿ ಸೌಮ್ಯವಾಗಿದ್ದದ್ದು ಮತ್ತೊಂದರಲ್ಲಿ ಉಗ್ರವಾದೀತು. ಇಂದು ಸೌಮ್ಯವಾದದ್ದು ನಾಳೆ ಹಳೆಯ ಸ್ವಭಾವಕ್ಕೆ ತಿರುಗೀತು. ಆದುದರಿಂದ ಈ ರೋಗಕ್ಕೆ ಎರಡನೆಯ ಬಗೆಯನ್ನೇ, ಎಂದರೆ ಪೂರ್ತಿಯಾಗಿ ಕೊಂದ ವೈರಸ್ಸಿನ ಲಸಿಕೆಯನ್ನೇ ಉಪಯೋಗಿಸಬೇಕಾಗಿದೆ. ಕೊಂದ ವೈರಸ್ಸು ವೃದ್ಧಿಯಾಗದು. ಆದುದರಿಂದ ರೋಗವನ್ನು ತರಲಾರದು. ಆದರೆ ಅದಕ್ಕೆ ಒಂದು ಕೊರತೆಯುಂಟು. ಅದು ಗದ್ದಲವನ್ನೂ ಮಾಡದು. ಸದ್ದಿಲ್ಲದೆ ಊರಿಗೆ ಬಂದು ಸದ್ದಿಲ್ಲದೆ ಹೋದ ಅಪರಿಚಿತನ ಮುಖವನ್ನು ಯಾರೂ ನೆನಪಿನಲ್ಲಿಡುವುದಿಲ್ಲವಷ್ಟೆ. ಹಾಗೆಯೇ ಬರಿಯ ಸತ್ತ ವೈರಸ್ಸನ್ನು ಚುಚ್ಚಿದರೆ ದೇಹವು ಅದನ್ನು ಕಸದಂತೆ ಗುಡಿಸಿಹಾಕಿ ಬೇಗನೆ ಮರೆತುಬಿಡುತ್ತದೆ. ಅದರ ಮುಖವನ್ನು ದೇಹವು ಗುರುತಿಟ್ಟುಕೊಳ್ಳುವಂತೆ ಮಾಡುವುದೇ ಅನುಪಾನದ ಕೆಲಸ.

ಕುದುರೆಯ ಬಾವಿನಿಂದ ಕಲಿತ ಪಾಠ

ಈ ಸಂಗತಿಯು ಮೊದಲು ಗೊತ್ತಾದದ್ದು ಒಂದು ಗಂಟಿನಿಂದಲೇ ಎಂದರೆ ತಮಗೆ ಆಶ್ಚರ್ಯವಾಗಬಹುದು. ಫ್ರಾನ್ಸ್ ದೇಶದ ಪ್ಯಾಶ್ಚರ್ ಸಂಸ್ಥೆಯಲ್ಲಿ ಗ್ಯಾಸ್ಟನ್ ರಾಮೋನ್ ಎಂಬ ಪಶುವೈದ್ಯನಿದ್ದನು. ಮಕ್ಕಳ ಗಂಟಲಮಾರಿ ರೋಗಕ್ಕೆ ಪ್ರತಿವಿಷವನ್ನು ತಯಾರಿಸುವುದಕ್ಕಾಗಿ ಅವನು ಕುದುರೆಗಳಿಗೆ ಆ ರೋಗದ ಶಾಂತಗೊಳಿಸಿದ ವಿಷವನ್ನು ಚುಚ್ಚುತ್ತಿದ್ದನು. ಚುಚ್ಚಿದ ಸ್ಥಳದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷವು ಹೆಚ್ಚಾಗಿಯೂ, ಬಾವು ಬಾರದವುಗಳಲ್ಲಿ ಕಡಿಮೆಯಾಗಿಯೂ ಇರುವುದನ್ನು ಅವನು ಗಮನಿಸಿದನು. ಹಾಗಾದರೆ ಕೇಡಿಲ್ಲದಂಥ ಬಾವನ್ನು ಬೇಕೆಂದೇ ಬರಿಸಿದರೇನೆಂದು ಯೋಚಿಸಿ, ಮದ್ದಿನೊಡನೆ ಮರಗೆಣಸಿನ ಹಿಟ್ಟು, ರೊಟ್ಟಿಯ ಪುಡಿ ಮೊದಲಾದ ಸಾಮಾನ್ಯ ವಸ್ತುಗಳನ್ನೇ ಬೆರೆಸಿ ಪರೀಕ್ಷಿಸಿದನು. ಫಲವು ಅವನು ಎಣಿಸಿದಂತೆಯೇ ಬಂದಿತು. ಇದು ೧೯೨೫ರ ಸುಮಾರಿನ ಮಾತು.

ಮರುವರ್ಷ, ಎಂದರೆ ೧೯೨೬ರಲ್ಲಿ, ಇಂಗ್ಲೆಂಡಿನ ಗ್ಲೆನಿ ಎಂಬವನೂ ಅವನ ಜೊತೆಗಾರರೂ ಅದೇ ಗಂಟಲಮಾರಿಯ ಮದ್ದಿಗೆ ಪಟಿಕಾರವನ್ನು ಸೇರಿಸಿದರೆ ಅದರ ಶಕ್ತಿ ಬಹಳವಾಗಿ ಹೆಚ್ಚುತ್ತದೆಂದು ತೋರಿಸಿದರು. ಪಟಿಕಾರದ ಗುಣವನ್ನು ನಮ್ಮ ಜನ ಬಹು ಕಾಲದಿಂದ ಬಲ್ಲರು. ಬಣ್ಣಗಾರರು ನೂಲಿಗೆ ಬಣ್ಣವು ಕಚ್ಚಿ ನಿಲ್ಲಲೆಂದು ಪಟಿಕಾರವನ್ನು ಹಾಕುತ್ತಾರೆ. ಕದಡಿದ ನೀರಿಗೆ ಅದನ್ನು ತೇದು ಹಾಕಿದರೆ ಮಣ್ಣು ಕೂಡಿಕೊಂಡು ತಳಕ್ಕಿಳಿಯುತ್ತದೆ. ಹಾಗೆಯೇ ಲಸಿಕೆಯ ಸೂಕ್ಷ್ಮ ಕಣಗಳೂ ಅಲ್ಯೂಮಿನಿಯಂ ಲವಣಗಳಿಗೆ ಅಂಟಿಕೊಳ್ಳುತ್ತವೆ. ತಮ್ಮ ಮಕ್ಕಳಿಗೆ ಎಳವೆಯಲ್ಲಿ ಹಾಕಿಸುವ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯಲ್ಲಿಯೂ ಇದೇ ಅಲ್ಯೂಮಿನಿಯಂ ಅನುಪಾನವಿದೆ. ಮಕ್ಕಳಿಗೆ ಚುಚ್ಚಿದ ಸ್ಥಳದಲ್ಲಿ ಒಂದೆರಡು ದಿನ ಬಾವೂ ನೋವೂ ಇರುವುದನ್ನು ತಾವು ಬಲ್ಲಿರಿ. ಅದಕ್ಕೆ ಹೆದರಿ ಯಾವ ತಾಯಿಯೂ ಮಗುವನ್ನು ಬಚ್ಚಿಡುವುದಿಲ್ಲ.

ಕಾಲುಬಾಯಿ ಜ್ವರದ ಲಸಿಕೆಯಲ್ಲಿ ಅನುಪಾನಗಳು

ಈ ಅರಿವು ಬೇಗನೆ ದನಗಳ ಉಪಯೋಗಕ್ಕೂ ಬಂದಿತು. ಫ್ರಾನ್ಸಿನಲ್ಲಿ ೧೯೨೦ರ ದಶಕದಲ್ಲಿಯೇ ವಾಲೆ ಮತ್ತು ಅವನ ಜೊತೆಗಾರರು ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನ ಲಸಿಕೆಯನ್ನು ಮಾಡಿದ್ದರು. ಮುಂದಿನ ದಶಕದಲ್ಲಿ ಡೆನ್ಮಾರ್ಕಿನ ಸ್ಮಿತ್ ಎಂಬವನು ವೈರಸ್ಸನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಗಂಜಿಯಂತಹ ಪದಾರ್ಥಕ್ಕೆ ಅಂಟಿಸಿದನು. ಜರ್ಮನಿಯ ರೀಮ್ಸ್ ದ್ವೀಪದಲ್ಲಿ ವಾಲ್ಡ್‌ಮನ್ ಎಂಬವನೂ ಅವನ ಜೊತೆಗಾರರೂ ೧೯೩೭–೩೮ರಲ್ಲಿ ಈ ಎರಡು ಉಪಾಯಗಳನ್ನೂ ಕೂಡಿಸಿ, ಹೊಲಮನೆಗಳಲ್ಲಿ ಉಪಯೋಗಿಸಬಹುದಾದ ಲಸಿಕೆಯನ್ನು ಸಿದ್ಧಪಡಿಸಿದರು. ಆಗ ವೈರಸ್ಸನ್ನು ರೋಗಬಂದ ದನಗಳ ನಾಲಗೆಯಿಂದಲೇ ತೆಗೆಯಬೇಕಾಗಿದ್ದುದರಿಂದ ಲಸಿಕೆಯು ದುರ್ಲಭವಾಗಿತ್ತು. ಆಮೇಲೆ ಹಾಲೆಂಡಿನ ಫ್ರೆಂಕೆಲ್ ಎಂಬವನು ಆರೋಗ್ಯವಾದ ನಾಲಗೆಯ ಚರ್ಮವನ್ನು ಪಾತ್ರೆಯಲ್ಲಿ ಜೀವಂತವಾಗಿಟ್ಟು ವೈರಸ್ಸನ್ನು ಬೆಳೆಸುವ ಕ್ರಮವನ್ನು ಕಂಡುಹಿಡಿದನು. ೧೯೬೨ರಿಂದೀಚೆಗೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿಯೇ ವೈರಸ್ಸನ್ನು ಬೆಳೆಸುವುದು ಸಾಧ್ಯವಾಯಿತು. ಲಸಿಕೆಯು ಲಕ್ಷೋಪಲಕ್ಷ ರಾಸುಗಳಿಗೆ ಸಾಕಾಗುವಷ್ಟು ದೊರೆಯಲು ಇದೇ ಕಾರಣ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಶಾಖೆಯಲ್ಲಿಯೂ ಈ ಲಸಿಕೆಯ ಕೆಲಸವು ನಡೆದುಬಂದಿದೆ.

ಈ ರೋಗದ ಲಸಿಕೆಯಲ್ಲಿ ಮುಖ್ಯವಾಗಿ ಮೂರು ಅನುಪಾನಗಳು ಬಳಕೆಗೆ ಬಂದಿವೆ.

ಮೊದಲನೆಯದು ಮೇಲೆ ಹೇಳಿದ ಅಲ್ಯೂಮಿನಿಯಂ ಗಂಜಿ. ಇದು ದನ, ಎಮ್ಮೆ, ಕುರಿ, ಮೇಕೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹಂದಿಗಳಲ್ಲಿ ಸಾಲದು. ಇದರಿಂದ ಬರುವ ಬಾವು ಅಲ್ಪ. ಆದರೆ ಫಲವು ನಿಲ್ಲುವ ಕಾಲವೂ ಅಲ್ಪ.

ಎರಡನೆಯದು ಸಪೋನಿನ್. ನಮ್ಮ ಅಂಟುವಾಳ, ಸೀಗೆಕಾಯಿಗಳನ್ನು ನೀರಿನಲ್ಲಿ ಕಿವಿಚಿದರೆ ನೊರೆ ಬರುವುದು ಈ ಜಾತಿಯ ವಸ್ತುವಿನಿಂದಲೇ. ಆದರೆ ಲಸಿಕೆಗೆ ಉಪಯೋಗಿಸುವುದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಬೆಳೆಯುವ ಕ್ವಿಲಾಯಾ ಎಂಬ ಮರದ ತೊಗಟೆಯಿಂದ ತೆಗೆದದ್ದು. ಅಲ್ಯೂಮಿನಿಯಂ ಗಂಜಿಗೆ ಇದನ್ನು ಸ್ವಲ್ಪ ಸೇರಿಸಿದರೆ ಲಸಿಕೆಯ ಶಕ್ತಿ ಹೆಚ್ಚುತ್ತದೆಂದು ೧೯೫೦ರ ದಶಕದ ಆರಂಭದಲ್ಲಿಯೇ ಗೊತ್ತಾಯಿತು. ೧೯೭೦ರ ದಶಕದಲ್ಲಿ ಡೆನ್ಮಾರ್ಕಿನ ಡಾಲ್ಸ್‌ಗಾರ್ಡ್ ಎಂಬವನು ಇದನ್ನು ಶೋಧಿಸಿ ಶುದ್ಧಮಾಡಿದನು. ಅಳತೆ ಮೀರಿದರೆ ಸಪೋನಿನ್ ರಕ್ತದ ಕಣಗಳನ್ನು ಒಡೆಯುತ್ತದೆ. ಆದುದರಿಂದ ತೂಕವರಿತು ಅತ್ಯಲ್ಪವಾಗಿ ಸೇರಿಸುತ್ತಾರೆ. ದನಗಳ ಲಸಿಕೆಯಲ್ಲಿ ಮೊದಲು ಬಳಕೆಗೆ ಬಂದ ಈ ತೊಗಟೆಯ ಸಾರವೇ ಈಗ ಮನುಷ್ಯರ ಮಲೇರಿಯಾ ಲಸಿಕೆಯಲ್ಲಿಯೂ ಸೇರಿದೆ.

ಮೂರನೆಯದು ಖನಿಜ ತೈಲ. ಎಣ್ಣೆಯೂ ನೀರೂ ತಾವಾಗಿ ಬೆರೆಯವು. ಬೆರೆಸುವ ವಸ್ತುವೊಂದನ್ನು ಸೇರಿಸಿ ಯಂತ್ರದಿಂದ ಕಡೆದರೆ ಎರಡೂ ಕೂಡಿ ಹಾಲಿನಂತೆ ಬೆಳ್ಳಗಾಗುತ್ತವೆ. ಹೀಗೆ ಕಡೆದ ಎಣ್ಣೆಯ ಹನಿಗಳ ನಡುವೆ ಸತ್ತ ವೈರಸ್ಸು ಅಡಗಿರುತ್ತದೆ. ಎಣ್ಣೆಯ ಲಸಿಕೆಯ ಫಲವು ಗಂಜಿಯ ಲಸಿಕೆಗಿಂತ ಹೆಚ್ಚು ಕಾಲ ನಿಲ್ಲುತ್ತದೆ, ಹಂದಿಗಳಿಗೂ ಸಲ್ಲುತ್ತದೆ. ಆದರೆ ಚುಚ್ಚಿದ ಸ್ಥಳದಲ್ಲಿ ಗಂಟು ಕಾಣಿಸುವುದು ಇದರಲ್ಲಿಯೇ ಹೆಚ್ಚು. ಆ ಹಿರಿಯರು ಕಂಡ ಗಂಟು ಇದರದೇ.

ದೇಹದೊಳಗೆ ನಡೆಯುವುದೇನು

ಅನುಪಾನವು ವೈರಸ್ಸನ್ನು ಕಣಜದಲ್ಲಿಟ್ಟಂತೆ ಕಟ್ಟಿಟ್ಟು, ದಿನಕ್ಕಿಷ್ಟರಂತೆ ದೇಹಕ್ಕೆ ಅಳೆದುಕೊಡುತ್ತದೆಂದು ಹಿಂದೆ ಎಲ್ಲರೂ ತಿಳಿದಿದ್ದರು. ಇದು ಸ್ವಲ್ಪ ಮಟ್ಟಿಗೆ ನಿಜವಿರಬಹುದು, ಪೂರ್ಣ ಸತ್ಯವಲ್ಲ. ಅಲ್ಯೂಮಿನಿಯಂ ಲಸಿಕೆಯನ್ನು ಚುಚ್ಚಿದ ಕೆಲವು ಗಂಟೆಗಳಲ್ಲಿಯೇ ಇಲಿಗಳ ದೇಹದಿಂದ ಆ ಸ್ಥಳವನ್ನು ಕತ್ತರಿಸಿ ತೆಗೆದರೂ ರಕ್ಷಣೆಯು ಕುಂದಲಿಲ್ಲವೆಂದು ಈಚಿನ ಪರೀಕ್ಷೆಗಳಿಂದ ಗೊತ್ತಾಗಿದೆ.

ಹೆಚ್ಚು ಮುಖ್ಯವಾದದ್ದು ಎಚ್ಚರಿಕೆಯ ಕೆಲಸ. ಅನುಪಾನವು ತಗುಲಿದ ಮಾಂಸದಲ್ಲಿ ಸಣ್ಣ ಕಳವಳವಾಗುತ್ತದೆ. ರಾತ್ರಿ ಕಳ್ಳನನ್ನು ಕಂಡು ನಾಯಿ ಬೊಗಳಿದರೆ ತಳವಾರನು ಓಡಿಬರುವಂತೆ, ದೇಹದ ಕಾವಲಿನ ಕೋಶಗಳು ಆ ಸ್ಥಳಕ್ಕೆ ಧಾವಿಸುತ್ತವೆ. ಅವು ಅಲ್ಲಿ ಬಿದ್ದಿರುವ ಸತ್ತ ವೈರಸ್ಸನ್ನು ನುಂಗಿ, ಹತ್ತಿರದ ಹಾಲುಗಂಟಿಗೆ, ಎಂದರೆ ಕುತ್ತಿಗೆ ಭುಜಗಳ ಬಳಿಯಿರುವ ರಸಗ್ರಂಥಿಗೆ, ಒಯ್ದು ಒಪ್ಪಿಸುತ್ತವೆ. ಅಲ್ಲಿ ವೈರಸ್ಸಿನ ಆಕಾರಕ್ಕೆ ಸರಿಯಾಗಿ ಹೊಂದುವ ಪ್ರತಿವಸ್ತುಗಳು ತಯಾರಾಗುತ್ತವೆ. ಆ ಮುಖವನ್ನು ನೆನಪಿಡುವ ಕೋಶಗಳೂ ಹುಟ್ಟುತ್ತವೆ. ಇಷ್ಟೆಲ್ಲ ಕೆಲಸವು ಮುಗಿಯುವುದಕ್ಕೆ ಒಂದೆರಡು ವಾರಗಳು ಬೇಕು. ತಾವು ಕೈಯಿಂದ ಮುಟ್ಟಿ ನೋಡುವ ಗಂಟು ಈ ಕಾವಲುಗಾರರು ಸೇರಿದ ಗುಂಪೇ ಹೊರತು ರೋಗವಲ್ಲ.

ಹಾಗೆಂದು ಬಾವು ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ೧೯೩೦ರ ದಶಕದಲ್ಲಿ ಫ್ರಾಯಿಂಡ್ ಎಂಬ ವಿದ್ವಾಂಸನು ಎಣ್ಣೆಯೊಡನೆ ಕ್ಷಯರೋಗದ ಸತ್ತ ಅಣುಗಳನ್ನು ಬೆರೆಸಿ ಬಹು ಪ್ರಬಲವಾದ ಅನುಪಾನವನ್ನು ಮಾಡಿದನು. ಆದರೆ ಅದು ಹುಣ್ಣುಗಳನ್ನು ಎಬ್ಬಿಸುತ್ತಿದ್ದುದರಿಂದ ಸಾಮಾನ್ಯ ಲಸಿಕೆಗಳಿಗೆ ಯೋಗ್ಯವಾಗಲಿಲ್ಲ. ಸಾಕಷ್ಟು ಎಚ್ಚರಿಸಿ, ಬೇಕಿಲ್ಲದಷ್ಟು ನೋಯಿಸದಿರುವುದೇ ಒಳ್ಳೆಯ ಅನುಪಾನದ ಲಕ್ಷಣ.

ಅನುಪಾನದಿಂದ ಆಗದ ಕೆಲಸಗಳು

ಅನುಪಾನವು ನೆರವುಮಾತ್ರ. ಬೀಜವೇ ಜೊಳ್ಳಾದರೆ ಗೊಬ್ಬರದಿಂದ ಬೆಳೆ ಬಾರದು. ಆದುದರಿಂದ ಈ ಕೆಳಗಿನ ಸಂಗತಿಗಳನ್ನು ತಾವು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

ಒಂದನೆಯದಾಗಿ, ಲಸಿಕೆಯು ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಅದನ್ನು ೨ರಿಂದ ೮ ಡಿಗ್ರಿ ಸೆಂಟಿಗ್ರೇಡಿನಲ್ಲಿಡಬೇಕು. ಬಿಸಿಯಾದರೆ ವೈರಸ್ಸಿನ ಕಣವು ಚೂರಾಗುತ್ತದೆ. ಚೂರಾದ ಕಣಗಳಿಂದ ದೇಹಕ್ಕೆ ಸರಿಯಾದ ಗುರುತು ಸಿಕ್ಕುವುದಿಲ್ಲ. ಹೆಪ್ಪುಗಟ್ಟಿದರೆ ಅಲ್ಯೂಮಿನಿಯಂ ಗಂಜಿಯು ಗಡ್ಡೆಕಟ್ಟಿ ಕೆಡುತ್ತದೆ. ಎಣ್ಣೆಯ ಲಸಿಕೆಯೂ ಒಡೆದು ಎಣ್ಣೆ ಬೇರೆ ನೀರು ಬೇರೆಯಾಗುತ್ತದೆ. ಒಡೆದ ಹಾಲು ಮತ್ತೆ ಹಾಲಾಗದಂತೆ ಇದೂ ಮತ್ತೆ ಲಸಿಕೆಯಾಗದು. ಆದುದರಿಂದ ಸೀಸೆಯನ್ನು ಮಂಜುಗಡ್ಡೆಗೆ ನೇರವಾಗಿ ತಾಕಿಸಿಡಬಾರದು, ಬಿಸಿಲಿನಲ್ಲಿಯೂ ಇಡಬಾರದು.

ಎರಡನೆಯದಾಗಿ, ಅನುಪಾನವು ಒಂದು ಕಡೆ ನಿಲ್ಲದಂತೆ ಸೀಸೆಯನ್ನು ಮೆಲ್ಲಗೆ ಚೆನ್ನಾಗಿ ಅಲುಗಿಸಿ ಮದ್ದನ್ನು ಎಳೆದುಕೊಳ್ಳಬೇಕು. ಹಾಗೆ ಮಾಡದಿದ್ದರೆ ಒಂದು ರಾಸಿಗೆ ಬರಿಯ ನೀರೂ ಮತ್ತೊಂದಕ್ಕೆ ಬರಿಯ ಗಂಜಿಯೂ ಹೋದೀತು. ಹೆಚ್ಚು ರಾಸುಗಳಿಗೆ ಸಾಲಲಿ ಎಂದು ಅಳತೆಯನ್ನು ಅರ್ಧಮಾಡುವುದು ಸರ್ವಥಾ ಕೂಡದು.

ಮೂರನೆಯದಾಗಿ, ಲಸಿಕೆಯು ಊರಿನಲ್ಲಿ ಓಡಾಡುವ ವೈರಸ್ಸಿಗೆ ಹೊಂದಬೇಕು. ಈ ರೋಗದ ವೈರಸ್ಸಿನಲ್ಲಿ ಒಟ್ಟು ೭ ಬಗೆಗಳನ್ನು ಗುರುತಿಸಿದ್ದಾರೆ. ಭಾರತದಲ್ಲಿ ಕಾಣುವ ಓ, ಎ ಮತ್ತು ಏಷ್ಯಾ–೧ ಎಂಬ ಮೂರು ಬಗೆಗಳನ್ನು ನಮ್ಮ ಲಸಿಕೆಯಲ್ಲಿ ಸೇರಿಸುತ್ತಾರೆ. ಒಂದು ಬಗೆಯ ಲಸಿಕೆಯು ಮತ್ತೊಂದು ಬಗೆಯನ್ನು ತಡೆಯದು. ಅನುಪಾನವು ಎಷ್ಟೇ ಪ್ರಬಲವಾಗಿದ್ದರೂ ಇದಕ್ಕೆ ಪರಿಹಾರವಿಲ್ಲ.

ನಾಲ್ಕನೆಯದಾಗಿ, ಸತ್ತ ಲಸಿಕೆಯ ನೆನಪು ಬಹು ಕಾಲ ನಿಲ್ಲದು. ಆದುದರಿಂದಲೇ ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಏರ್ಪಾಡಾಯಿತು. ಕರುವಿಗೆ ಮೊದಲ ಲಸಿಕೆಯನ್ನು ಸುಮಾರು ನಾಲ್ಕು ತಿಂಗಳ ವಯಸ್ಸಿನಲ್ಲಿ ಹಾಕಿಸಬೇಕು. ಅದಕ್ಕೆ ಮೊದಲು ಗಿಣ್ಣುಹಾಲಿನಿಂದ ತಾಯಿಯು ಕೊಟ್ಟ ರಕ್ಷಣೆಯೇ ಲಸಿಕೆಯನ್ನು ಅಡ್ಡಗಟ್ಟುತ್ತದೆ. ಮೊದಲ ಲಸಿಕೆಯಾದ ಸುಮಾರು ಒಂದು ತಿಂಗಳಿಗೆ ಎರಡನೆಯದನ್ನು ತಪ್ಪದೆ ಹಾಕಿಸಬೇಕು. ಮೊದಲನೆಯದು ಉತ್ತ ಹೊಲ, ಎರಡನೆಯದು ಬಿತ್ತನೆ. ಉತ್ತು ಬಿತ್ತದೆ ಬಿಟ್ಟವನಿಗೆ ಬೆಳೆಯೆಲ್ಲಿ? 

ಗಂಟು, ಹಾಲು, ಮತ್ತು ಭಯ

ಎಣ್ಣೆಯ ಲಸಿಕೆ ಹಾಕಿಸಿದ ರಾಸಿಗೆ ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಮೇವು ಸ್ವಲ್ಪ ಕಡಿಮೆಯಾಗಬಹುದು. ಹಾಲು ಕೆಲವು ದಿವಸ ಇಳಿದು ಮತ್ತೆ ಏರುತ್ತದೆ. ಚುಚ್ಚಿದ ಸ್ಥಳದ ಗಂಟು ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ಅದನ್ನು ತಿಕ್ಕುವುದು, ಸುಡುವುದು, ಕೊಯ್ಯುವುದು ಕೂಡದು. ಗಂಟು ಬಿಸಿಯಾಗಿ ಕೀವು ಕಟ್ಟಿದರೆ ಅದು ಕೊಳಕು ಸೂಜಿಯ ಫಲವಾಗಿರಬಹುದು; ಪಶುವೈದ್ಯರಿಗೆ ತಿಳಿಸಬೇಕು. ಒಂದೊಂದು ರಾಸಿಗೂ ಬೇರೆ ಸೂಜಿಯನ್ನು ಉಪಯೋಗಿಸುವಂತೆ ತಾವು ನಿಂತು ನೋಡಿಕೊಳ್ಳಬೇಕು. ಮೈತುಂಬ ಗಂಟುಗಳೆದ್ದರೆ ಅದು ಲಸಿಕೆಯ ಗಂಟಲ್ಲ, ಚರ್ಮಗಂಟು ರೋಗವಿರಬಹುದು. ಅದರ ಲಸಿಕೆಯೇ ಬೇರೆ.

ಬಹು ಅಪರೂಪವಾಗಿ ಸೂಜಿ ಹಾಕಿದ ಸ್ವಲ್ಪ ಹೊತ್ತಿನಲ್ಲಿಯೇ ರಾಸು ನಡುಗಿ, ಏದಿ, ಮುಖ ಊದಿಕೊಳ್ಳುವುದುಂಟು. ಆದುದರಿಂದ ಲಸಿಕೆ ಹಾಕಿದವರು ಹೊರಡುವ ಮುಂಚೆ ರಾಸುಗಳನ್ನು ಅರ್ಧ ಗಂಟೆಯಾದರೂ ಕಣ್ಣೆದುರು ಕಟ್ಟಿರಬೇಕು. ತುಂಬು ಗಬ್ಬದ ಅಥವಾ ಜ್ವರ ಬಂದಿರುವ ರಾಸಿನ ಸಂಗತಿಯನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮನುಷ್ಯರಿಗೂ ಒಂದು ಎಚ್ಚರಿಕೆ. ರಾಸು ಕೊಸರಿದಾಗ ಎಣ್ಣೆಯ ಲಸಿಕೆಯು ಹಿಡಿದವರ ಬೆರಳಿಗೆ ಚುಚ್ಚಿಕೊಂಡರೆ, ಗಾಯವು ಚಿಕ್ಕದೆಂದು ಅಲಕ್ಷ್ಯ ಮಾಡದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಎಣ್ಣೆಯಿರುವ ಲಸಿಕೆಯೆಂದು ಹೇಳಬೇಕು. ತಡಮಾಡಿದರೆ ಬೆರಳಿಗೇ ಅಪಾಯವಾದೀತು.

“ಸೂಜಿ ಹಾಕಿಸಿದ ಮೇಲೆಯೇ ರೋಗ ಬಂದಿತು” ಎಂಬ ದೂರೂ ಉಂಟು. ಹಳೆಯ ಕಾಲದಲ್ಲಿ ಫಾರ್ಮಲಿನ್‌ನಿಂದ ಪೂರ್ತಿ ಸಾಯದೆ ಉಳಿದ ವೈರಸ್ಸಿನಿಂದ ಯೂರೋಪಿನಲ್ಲಿ ಕೆಲವು ಸಲ ರೋಗ ಹಬ್ಬಿದ್ದು ನಿಜ. ಆ ಅನುಭವದಿಂದಲೇ ವೈರಸ್ಸನ್ನು ನಿಸ್ಸಂದೇಹವಾಗಿ ಕೊಲ್ಲುವ ಬೇರೆ ರಾಸಾಯನಿಕವನ್ನು ಬಳಕೆಗೆ ತಂದರು. ಸತ್ತಿದೆಯೆಂದು ಪರೀಕ್ಷಿಸಿದ ಮೇಲೆಯೇ ಲಸಿಕೆಯನ್ನು ಹೊರಕ್ಕೆ ಕಳುಹಿಸುವರು. ಈ ರೋಗವು ತಗುಲಿದ ಮೇಲೆ ಹೊರಗೆ ಕಾಣಿಸಿಕೊಳ್ಳಲು ೨ರಿಂದ ೧೪ ದಿವಸಗಳಾಗುತ್ತವೆ. ಲಸಿಕೆಯು ಫಲಕೊಡಲೂ ಒಂದೆರಡು ವಾರಗಳು ಬೇಕು. ಆದುದರಿಂದ ರೋಗವು ನೆರೆಯೂರಿಗೆ ಬಂದ ಮೇಲೆ ಸೂಜಿ ಹಾಕಿಸಿದವನ ಕೊಟ್ಟಿಗೆಯಲ್ಲಿ ಎರಡೂ ಒಟ್ಟಿಗೆ ಓಡುತ್ತವೆ. ಒಮ್ಮೊಮ್ಮೆ ರೋಗವೇ ಮುಂದಾಗುತ್ತದೆ. ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದರೆ ಬಾಗಿಲನ್ನು ದೂರಿ ಫಲವಿಲ್ಲ.

ಮುಖಂಡರಲ್ಲಿ ಬಿನ್ನಹ

ಗ್ರಾಮದ ಮುಖಂಡರಾದ ತಮ್ಮಲ್ಲಿ ನನ್ನ ಬಿನ್ನಹಗಳು ಕೆಲವೇ. ಲಸಿಕೆಯ ದಿವಸವನ್ನು ಮುಂಚಿತವಾಗಿ ಸಾರಿಸಿರಿ. ಜಾತ್ರೆಗೂ ದನದ ಸಂತೆಗೂ ಹೋಗತಕ್ಕ ರಾಸುಗಳಿಗೆ ಕಡೆಯಪಕ್ಷ ಮೂರು ವಾರ ಮೊದಲೇ ಲಸಿಕೆ ಹಾಕಿಸಿರಿ. ಹೊಸದಾಗಿ ಕೊಂಡುತಂದ ರಾಸನ್ನು ಎರಡು ವಾರ ಪ್ರತ್ಯೇಕವಾಗಿ ಕಟ್ಟಿಸಿರಿ. ಮೊದಲ ಲಸಿಕೆಯಾದ ಕರುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಎರಡನೆಯ ಲಸಿಕೆಗೆ ಜ್ಞಾಪಿಸಿರಿ. ಬಡವರ ಒಂಟಿ ಹಸುವನ್ನೂ, ಬಂಜರಿನಲ್ಲಿ ಮೇಯುವ ಬೀಡಾಡಿ ದನವನ್ನೂ ಬಿಡಬೇಡಿರಿ. ಹತ್ತು ಮನೆಯ ಬೇಲಿಯಲ್ಲಿ ಒಂದು ಮನೆಯ ಕಂಡಿ ಉಳಿದರೂ ಹಂದಿ ನುಗ್ಗುವುದು ಆ ಕಂಡಿಯಿಂದಲೇ.

ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ತಮ್ಮ ಮನೆಯ ರಾಸುಗಳನ್ನೇ ಮೊದಲು ಹಿಡಿದು ನಿಲ್ಲಿಸಿರಿ. ನೆರೆಯವರು ಬಂದು ಕುತ್ತಿಗೆಯ ಗಂಟನ್ನು ತೋರಿಸಿ ಇದೇನೆಂದು ಕೇಳಿದರೆ ಕೈಯಿಂದ ಮುಟ್ಟಿ ಹೇಳಿರಿ: ಇದು ರೋಗದ ಗಂಟಲ್ಲ, ನಮ್ಮ ಹಸುವು ಶತ್ರುವಿನ ಮುಖವನ್ನು ಕಲಿಯುತ್ತಿರುವ ಗುರುತು, ತಿಂಗಳೊಪ್ಪತ್ತಿನಲ್ಲಿ ಇದು ಕರಗುತ್ತದೆ, ಕಲಿತದ್ದು ಉಳಿಯುತ್ತದೆ ಎಂದು.

ಆ ಹಿರಿಯರಿಗೂ ನಾನು ಇದನ್ನೇ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕರುವಿನ ಎರಡನೆಯ ಸೂಜಿ ಯಾವತ್ತು?” ಎಂದು ಕೇಳಿದರು. ತಾವೂ ಇಂದು ಮನೆಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿಕೊಂಡರೆ ಈ ಸಭೆಯು ಸಾರ್ಥಕವಾಯಿತೆಂದು ತಿಳಿಯುವೆನು.